ಹೊಸ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟುವ ಬಗೆ: ತಿರುಳು ಮೊದಲು, ಕೀವರ್ಡ್ ಆಮೇಲೆ

ರಾಯಚೂರು, ಕೊಪ್ಪಳ, ಬಳ್ಳಾರಿಯ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಸರ್, ನಾವೇ ಒಂದು ಫಂಕ್ಷನಲ್ ಭಾಷೆ ಮಾಡಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡಬೇಕು?" ಹೀಗೆ ಕೇಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಶುರು ಮಾಡಿರುತ್ತಾರೆ. ಕೀವರ್ಡ್‌ಗಳ (ಭಾಷೆ ತನಗೆಂದೇ ಮೀಸಲಿಟ್ಟ ಪದಗಳ) ಪಟ್ಟಿ ಬರೆದು, ಭಾಷೆಗೆ ಒಳ್ಳೆಯ ಹೆಸರಿಟ್ಟು, ಸಾಲುಗಳನ್ನು ತುಂಡರಿಸುವ ಲೆಕ್ಸರ್ ಬರೆಯುತ್ತ ಎರಡು ತಿಂಗಳು ಕಳೆದಿರುತ್ತಾರೆ, ಆದರೆ ಎರಡು ಸಂಖ್ಯೆಗಳನ್ನು ಕೂಡಿಸುವ ಪ್ರೋಗ್ರಾಂ ಕೂಡ ಇನ್ನೂ ಓಡಿರುವುದಿಲ್ಲ. ತಪ್ಪಿರುವುದು ಅವರ ಶ್ರಮದಲ್ಲಲ್ಲ, ಕೆಲಸ ಹಿಡಿದ ಕ್ರಮದಲ್ಲಿ. ಭಾಷೆಯೆಂದರೆ ಮೊದಲು ಅದರ ಅರ್ಥ, ಅಂದರೆ ಒಂದು ಪ್ರೋಗ್ರಾಂ ಏನನ್ನು ಲೆಕ್ಕ ಹಾಕುತ್ತದೆ ಎಂಬ ನಿಯಮ. ಅದನ್ನು ಬರೆಯುವ ರೂಪ ಆಮೇಲಿನದು. ಈ ಲೇಖನದ ಹಂತಗಳನ್ನು ಆ ಕ್ರಮದಲ್ಲಿಯೇ ಜೋಡಿಸಿದ್ದೇನೆ.

ಫಂಕ್ಷನಲ್ ಭಾಷೆ ಎಂದರೇನೆಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಡಬ್ಬಿಯಲ್ಲಿಟ್ಟ ಮೌಲ್ಯವನ್ನು ಹಂತ ಹಂತವಾಗಿ ಬದಲಿಸುತ್ತ ಹೋಗುವ ಬದಲು, ಮೌಲ್ಯವನ್ನು ಕೊಟ್ಟರೆ ಹೊಸ ಮೌಲ್ಯವನ್ನು ಹಿಂತಿರುಗಿಸುವ ಫಂಕ್ಷನ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೆಲಸ ಮಾಡುವ ಭಾಷೆ ಅದು. ಅಲ್ಲಿ ಫಂಕ್ಷನ್ ಕೂಡ ಸಂಖ್ಯೆಯ ಹಾಗೆಯೇ ಒಂದು ಮೌಲ್ಯ: ಹೆಸರಿಡಬಹುದು, ಇನ್ನೊಂದು ಫಂಕ್ಷನ್‌ಗೆ ಕೊಡಬಹುದು, ಫಲವಾಗಿ ಪಡೆಯಬಹುದು. ಈ ವಿಚಾರದ ಬೇರು 1930ರ ದಶಕದಲ್ಲಿ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿದೆ. 1958ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಕೆಲಸ ಆರಂಭಿಸಿದರು, 1970ರ ದಶಕದಲ್ಲಿ ರಾಬಿನ್ ಮಿಲ್ನರ್ ಮತ್ತು ಅವರ ಜೊತೆಗಾರರು ಎಡಿನ್‌ಬರೊದಲ್ಲಿ ಎಂಎಲ್ ಎಂಬ ಭಾಷೆ ಕಟ್ಟಿದರು, 1990ರಲ್ಲಿ ಇನ್ನೊಂದು ಫಂಕ್ಷನಲ್ ಭಾಷೆಯಾದ ಹ್ಯಾಸ್ಕೆಲ್‌ನ ಮೊದಲ ವರದಿ ಹೊರಬಂತು. ನೀವು ಕಟ್ಟುವ ಭಾಷೆ ಈ ವಂಶದ್ದೇ ಆಗಿರುವುದರಿಂದ, ಅವರು ಎದುರಿಸಿದ ಪ್ರಶ್ನೆಗಳೆಲ್ಲ ನಿಮ್ಮ ಮುಂದೆಯೂ ಬಂದು ನಿಲ್ಲುತ್ತವೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಸಾಧಾರಣ ಲ್ಯಾಪ್‌ಟಾಪ್ ಸಾಕು. ರಿಕರ್ಷನ್, ಅಂದರೆ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ಕ್ರಮ, ನಿಮಗೆ ಕೈಗೆ ಹತ್ತಿರಬೇಕು. ನಿಮ್ಮ ಭಾಷೆಯನ್ನು ಯಾವುದರಲ್ಲಿ ಬರೆಯುತ್ತೀರೋ ಆ ಆತಿಥೇಯ ಭಾಷೆಯಾಗಿ ಎಂಎಲ್ ವಂಶದ ಓಕ್ಯಾಮಲ್ ಅಥವಾ ಹ್ಯಾಸ್ಕೆಲ್ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ, ಏಕೆಂದರೆ ಮರದಾಕಾರದ ದತ್ತಾಂಶವನ್ನು ಬಿಡಿಸಿ ನೋಡುವ ಅನುಕೂಲ ಅವುಗಳಲ್ಲಿ ಸಹಜವಾಗಿಯೇ ಇದೆ. ಪೈಥಾನ್ ಮಾತ್ರ ಬರುತ್ತದೆ ಎನ್ನುವವರು ಅದರಲ್ಲಿಯೇ ಆರಂಭಿಸಿ, ಆದರೆ ನಾಲ್ಕನೇ ಹಂತದಲ್ಲಿ ಹೇಳಿರುವ ಎಚ್ಚರಿಕೆಯನ್ನು ಮರೆಯಬೇಡಿ.

ಉದಾಹರಣೆಗಳಿಗಾಗಿ ಒಂದು ಪುಟ್ಟ ಭಾಷೆಯನ್ನು ಕಲ್ಪಿಸಿಕೊಂಡು ಅದನ್ನು ತೂಬು ಎಂದು ಕರೆಯುತ್ತೇನೆ. ಒಂದು ಕಡೆಯಿಂದ ಬಂದದ್ದನ್ನು ಅಳತೆಯಿಂದ ಇನ್ನೊಂದು ಕಡೆಗೆ ಬಿಡುವುದೇ ಫಂಕ್ಷನ್‌ನ ಕೆಲಸವಾದ್ದರಿಂದ, ತುಂಗಭದ್ರೆಯ ಕಾಲುವೆ ನೀರು ಕಂಡ ನಮ್ಮ ಕಡೆಯವರಿಗೆ ಈ ಹೆಸರು ಬೇಗ ಹತ್ತೀತು.

1. ಭಾಷೆ ಇಲ್ಲದಿರುವಾಗಲೇ ಅದರಲ್ಲಿ ಹತ್ತು ಪ್ರೋಗ್ರಾಂ ಬರೆಯಿರಿ

ಇದನ್ನು ಕಾಗದದ ಮೇಲೆಯೇ ಮಾಡಬೇಕು. ನಿಮ್ಮ ಭಾಷೆ ಯಾರ ಯಾವ ಕೆಲಸಕ್ಕೆ ಎಂಬುದನ್ನು ಗೊತ್ತುಮಾಡಿಕೊಂಡು, ಆ ಕೆಲಸದ ಹತ್ತು ಸಣ್ಣ ಪ್ರೋಗ್ರಾಂಗಳನ್ನು ನಿಮಗೆ ಓದಲು ಹಿತವೆನಿಸುವ ರೂಪದಲ್ಲಿ ಬರೆಯಿರಿ. ಎಲ್ಲ ಕೆಲಸಕ್ಕೂ ಒದಗುವ ಭಾಷೆ ಎಂದು ಹೊರಟರೆ ಯಾವ ಪ್ರಶ್ನೆಗೂ ಖಚಿತ ಉತ್ತರ ಸಿಗುವುದಿಲ್ಲ.

ನಾನು ತೂಬು ಭಾಷೆಗೆ ಆರಿಸಿಕೊಂಡ ಕೆಲಸ, ಗಂಗಾವತಿ ಅಥವಾ ಸಿಂಧನೂರಿನ ಎಪಿಎಂಸಿಯಲ್ಲಿ ಭತ್ತ ಮಾರಿದ ರೈತನ ಕೈಗೆ ಬರುವ ಲೆಕ್ಕದ ಪಟ್ಟಿ. ಚೀಲಗಳ ಎಣಿಕೆಯಿಂದ ತೂಕ, ತೂಕಕ್ಕೆ ದರ, ಬಂದ ಮೊತ್ತದಲ್ಲಿ ಹಮಾಲಿಯೇ ಮೊದಲಾದ ಕಡಿತ, ಉಳಿದದ್ದು ಪಾವತಿ. ಇಂಥ ಲೆಕ್ಕದ ಹತ್ತು ರೂಪಗಳನ್ನು ಬರೆದಾಗ ಭಾಷೆಗೆ ಏನೇನು ಬೇಕೆಂಬುದು ತಾನಾಗಿಯೇ ಹೊರಬೀಳುತ್ತದೆ: ಪಟ್ಟಿ ಬೇಕು, ಹಲವು ಬಗೆಯ ಪಾವತಿಯನ್ನು ಹೇಳುವ ದಾರಿ ಬೇಕು, ಪೈಸೆಯವರೆಗೆ ತಪ್ಪದ ಸಂಖ್ಯೆ ಬೇಕು. ಈ ಕೊನೆಯದನ್ನು ಅನೇಕರು ಮರೆಯುತ್ತಾರೆ. ಯಂತ್ರದ ದಶಮಾಂಶ ಸಂಖ್ಯೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲವಾದ್ದರಿಂದ, ಹಣದ ಲೆಕ್ಕಕ್ಕೆ ಪೂರ್ಣಾಂಕವನ್ನೋ ಭಿನ್ನರಾಶಿಯನ್ನೋ ಇಟ್ಟುಕೊಳ್ಳಬೇಕೆಂಬ ತೀರ್ಮಾನ ಇಲ್ಲಿಯೇ ಆಗಬೇಕು.

ಆ ಹತ್ತು ಹಾಳೆಗಳನ್ನು ಎಸೆಯಬೇಡಿ. ಅವೇ ಮುಂದೆ ನಿಮ್ಮ ಪರೀಕ್ಷೆಗಳಾಗುತ್ತವೆ.

2. ತಿರುಳನ್ನು ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಚಿಕ್ಕದು ಮಾಡಿ

ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿರುವುದು ಮೂರೇ ರಚನೆಗಳು: ಹೆಸರು, ಫಂಕ್ಷನ್, ಮತ್ತು ಫಂಕ್ಷನ್ ಅನ್ನು ಮೌಲ್ಯದ ಮೇಲೆ ಪ್ರಯೋಗಿಸುವುದು. ಕಂಪ್ಯೂಟರ್ ಮಾಡಬಲ್ಲ ಎಲ್ಲ ಲೆಕ್ಕವನ್ನೂ ಇವುಗಳಿಂದಲೇ ಹೇಳಬಹುದೆಂಬುದು ಸಾಬೀತಾದ ಮಾತಾದರೂ, ಬಳಕೆಯ ಭಾಷೆಗೆ ಇನ್ನು ಕೆಲವು ಬೇಕು. ತೂಬಿನ ತಿರುಳಿನಲ್ಲಿ ನಾನು ಎಂಟನ್ನು ಇಟ್ಟಿದ್ದೇನೆ: ಸಂಖ್ಯೆ ಅಥವಾ ಪಠ್ಯದಂಥ ನೇರ ಮೌಲ್ಯ, ಹೆಸರು, ಫಂಕ್ಷನ್, ಪ್ರಯೋಗ, ಮೌಲ್ಯಕ್ಕೆ ಹೆಸರಿಡುವ ‘ಇರಲಿ’, ಷರತ್ತಿನ ‘ಆದರೆ’, ಹೊಸ ಬಗೆಯ ಮೌಲ್ಯವನ್ನು ಕಟ್ಟುವ ರಚಕ, ಮತ್ತು ಆ ಮೌಲ್ಯ ಯಾವ ಬಗೆಯದೆಂದು ಬಿಡಿಸಿ ನೋಡುವ ‘ಯಾವುದು’.

ಉಳಿದದ್ದೆಲ್ಲ ಸಕ್ಕರೆಲೇಪ. ಅಂದರೆ ಬರೆಯುವವರ ಅನುಕೂಲಕ್ಕೆಂದು ಇಟ್ಟು, ಒಳಗೆ ಈ ಎಂಟರಲ್ಲಿ ಒಂದಕ್ಕೆ ಇಳಿಸಿಬಿಡುವ ರೂಪ. ಎರಡು ಅಂಶಗಳನ್ನು, ಅಂದರೆ ತನಗೆ ಕೊಟ್ಟ ಮೌಲ್ಯಗಳನ್ನು, ಪಡೆಯುವ ಫಂಕ್ಷನ್ ಎಂಬುದು, ಒಂದನ್ನು ಪಡೆದು ಇನ್ನೊಂದಕ್ಕೆ ಕಾಯುವ ಫಂಕ್ಷನ್ ಅನ್ನು ಕೊಡುವ ಫಂಕ್ಷನ್. ಇದಕ್ಕೆ ಕರಿಯಿಂಗ್ ಎನ್ನುತ್ತಾರೆ. ನಿಜ, ಸುಳ್ಳು ಎಂಬುವೂ ರಚಕಗಳೇ ಎಂದುಕೊಂಡರೆ ‘ಆದರೆ’ ಕೂಡ ‘ಯಾವುದು’ ಒಳಗೆ ಕರಗಿ ಎಂಟು ಏಳಾಗುತ್ತದೆ.

ಇಲ್ಲಿ ಬೀಳುವ ಗುಂಡಿ ಒಂದೇ: ಬೇರೆ ಭಾಷೆಯಲ್ಲಿ ಕಂಡ ಪ್ರತಿಯೊಂದು ಸೌಲಭ್ಯವನ್ನೂ ತಿರುಳಿಗೆ ಸೇರಿಸುವುದು. ಹೊಸ ರಚನೆಯೊಂದು ಸೇರಿದರೆ ಇವಾಲ್ಯುಯೇಟರ್ (ಪ್ರೋಗ್ರಾಂ ಅನ್ನು ಬಿಡಿಸಿ ಮೌಲ್ಯ ಕೊಡುವ ಭಾಗ), ಟೈಪ್ ಪರೀಕ್ಷೆ (ಮೌಲ್ಯಗಳ ಜಾತಿ ಹೊಂದುತ್ತದೆಯೇ ಎಂದು ನೋಡುವ ಭಾಗ), ತಪ್ಪಿನ ಸಂದೇಶ, ದಾಖಲೆ ಎಲ್ಲೆಡೆಯೂ ಕೆಲಸ ಹೆಚ್ಚುತ್ತದೆ. ಮೊದಲ ಹಂತದ ಹತ್ತು ಪ್ರೋಗ್ರಾಂಗಳಲ್ಲಿ ಎರಡಕ್ಕಾದರೂ ಬೇಕಾಗದ ರಚನೆಯನ್ನು ದಯವಿಟ್ಟು ಬಿಟ್ಟುಬಿಡಿ.

3. ಲೆಕ್ಕ ಬಿಡಿಸುವ ಕ್ರಮವನ್ನು ತೀರ್ಮಾನಿಸಿ

ಫಂಕ್ಷನ್‌ಗೆ ಕೊಟ್ಟ ಅಂಶವನ್ನು ಮೊದಲೇ ಬಿಡಿಸಿ ಒಳಗೆ ಕಳಿಸಬೇಕೋ, ಬೇಕಾದಾಗ ಮಾತ್ರ ಬಿಡಿಸಬೇಕೋ? ಮೊದಲನೆಯದು ಕಟ್ಟುನಿಟ್ಟಿನ ಕ್ರಮ, ಎರಡನೆಯದು ಲೇಜಿ, ಎಂದರೆ ಬೇಕಾದಾಗ ಬಿಡಿಸುವ ಕ್ರಮ. ಎರಡು ಅಂಶ ಪಡೆದು ಮೊದಲನೆಯದನ್ನಷ್ಟೇ ಹಿಂತಿರುಗಿಸುವ ಫಂಕ್ಷನ್ ಒಂದಿದೆ ಎಂದುಕೊಳ್ಳಿ:

    ಮೊದಲನೆಯದು 5 (1 / 0)

ಕಟ್ಟುನಿಟ್ಟಿನ ಭಾಷೆಯಲ್ಲಿ ಇದು ಸೊನ್ನೆಯಿಂದ ಭಾಗಿಸಿದ ತಪ್ಪಾಗಿ ನಿಲ್ಲುತ್ತದೆ, ಲೇಜಿ ಭಾಷೆಯಲ್ಲಿ 5 ಬರುತ್ತದೆ. ಎಂಎಲ್ ವಂಶದ ಭಾಷೆಗಳು ಕಟ್ಟುನಿಟ್ಟಿನವು, ಹ್ಯಾಸ್ಕೆಲ್ ಲೇಜಿ. ಲೇಜಿ ಕ್ರಮದಲ್ಲಿ ಕೊನೆಯಿಲ್ಲದ ಪಟ್ಟಿಯನ್ನೂ ಬರೆದು ಬೇಕಾದಷ್ಟು ತೆಗೆದುಕೊಳ್ಳಬಹುದು ಎಂಬ ಸೊಗಸಿದೆ. ಆದರೆ ಬಿಡಿಸದೆ ಉಳಿದ ಲೆಕ್ಕಗಳು ಮೆಮೊರಿಯಲ್ಲಿ ರಾಶಿ ಬೀಳುತ್ತವೆ, ಯಾವ ಲೆಕ್ಕ ಯಾವಾಗ ನಡೆಯಿತೆಂದು ಕಂಡುಹಿಡಿಯುವುದು ಕಷ್ಟವಾಗುತ್ತದೆ. ಮೊದಲ ಭಾಷೆಗೆ ಕಟ್ಟುನಿಟ್ಟಿನ ಕ್ರಮವನ್ನೇ ಹಿಡಿಯಿರಿ ಎಂಬುದು ನನ್ನ ಸ್ಪಷ್ಟ ಸಲಹೆ.

ಇದರ ಜೊತೆಗೇ ಬರುವ ಪ್ರಶ್ನೆ ಶುದ್ಧತೆಯದು. ಅದೇ ಅಂಶ ಕೊಟ್ಟರೆ ಯಾವಾಗಲೂ ಅದೇ ಫಲ ಕೊಟ್ಟು, ಹೊರಗಿನ ಏನನ್ನೂ ಬದಲಿಸದ ಫಂಕ್ಷನ್ ಶುದ್ಧ. ಆದರೆ ಪರದೆಯ ಮೇಲೆ ಮುದ್ರಿಸುವುದು, ಕಡತ ಓದುವುದು ಹೊರಗಿನ ಕೆಲಸಗಳು, ಅವನ್ನು ಎಲ್ಲಿಡಬೇಕು? ಎಂಎಲ್ ಅವನ್ನು ಎಲ್ಲಿ ಬೇಕಾದರೂ ಬಿಟ್ಟಿತು. ಹ್ಯಾಸ್ಕೆಲ್ ಶುರುವಿನಲ್ಲಿ ಇಡೀ ಪ್ರೋಗ್ರಾಂ ಅನ್ನೇ ಒಳಹರಿವಿನಿಂದ ಹೊರಹರಿವಿಗೆ ಹೋಗುವ ಫಂಕ್ಷನ್ ಎಂದು ನೋಡಿತು, 1996ರ 1.3ನೇ ಆವೃತ್ತಿಯಲ್ಲಿ ಹೊರಗಿನ ಕೆಲಸಗಳಿಗೆ ಮೊನಾಡ್ ಎಂಬ ಪ್ರತ್ಯೇಕ ಟೈಪಿನ ವ್ಯವಸ್ಥೆ ತಂದಿತು. ನೀವು ಆ ಹಳೆಯ, ಸರಳ ದಾರಿಯನ್ನೇ ತುಳಿಯಬಹುದು: ತೂಬಿನ ಪ್ರೋಗ್ರಾಂ ಎಂದರೆ ಪಠ್ಯ ಪಡೆದು ಪಠ್ಯ ಕೊಡುವ ಒಂದು ಫಂಕ್ಷನ್, ಓದುವುದು ಮುದ್ರಿಸುವುದು ಅದರ ಹೊರ ಅಂಚಿನಲ್ಲಿ ಮಾತ್ರ. ಲೆಕ್ಕದ ಪಟ್ಟಿಗೆ ಇಷ್ಟು ಧಾರಾಳವಾಗಿ ಸಾಕು.

4. ಇವಾಲ್ಯುಯೇಟರ್ ಬರೆದು ಓಡಿಸಿ

ಪ್ರೋಗ್ರಾಂನ ಮರವನ್ನು, ಅಂದರೆ ಅದರ ರಚನೆಗಳು ಒಂದರೊಳಗೊಂದು ಕೂತ ಬಗೆಯನ್ನು ಕವಲುಗಳಾಗಿ ಹೇಳುವ ದತ್ತಾಂಶವನ್ನು, ಪಡೆದು ಮೌಲ್ಯವನ್ನು ಕೊಡುವ ಫಂಕ್ಷನ್ ಇವಾಲ್ಯುಯೇಟರ್. ಲೆಕ್ಸರ್ ಆಗಲಿ, ಸಾಲನ್ನು ಓದಿ ಮರ ಕಟ್ಟುವ ಪಾರ್ಸರ್ ಆಗಲಿ ಇನ್ನೂ ಇಲ್ಲವಾದ್ದರಿಂದ, ಮರವನ್ನು ಆತಿಥೇಯ ಭಾಷೆಯಲ್ಲಿಯೇ ಕೈಯಿಂದ ಕಟ್ಟಿಕೊಡಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಒಂದು ಸಂಜೆಯಲ್ಲಿ ನಿಮ್ಮ ಭಾಷೆ ಮೊದಲ ಲೆಕ್ಕ ಮಾಡುತ್ತದೆ.

ಹೆಸರುಗಳಿಗೂ ಮೌಲ್ಯಗಳಿಗೂ ನಂಟು ಇಟ್ಟುಕೊಳ್ಳುವ ಪಟ್ಟಿಗೆ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಹೆಸರು ಸಿಕ್ಕರೆ ಆ ಪಟ್ಟಿಯಲ್ಲಿ ಹುಡುಕು, ‘ಇರಲಿ’ ಸಿಕ್ಕರೆ ಪಟ್ಟಿಗೆ ಸೇರಿಸಿ ಮುಂದಿನದನ್ನು ಬಿಡಿಸು. ಸೂಕ್ಷ್ಮವಿರುವುದು ಫಂಕ್ಷನ್‌ನಲ್ಲಿ. ಫಂಕ್ಷನ್ ಅನ್ನು ಮೌಲ್ಯವಾಗಿ ಮಾಡುವಾಗ ಅದರ ಒಡಲಿನ ಜೊತೆಗೆ, ಅದು ಹುಟ್ಟಿದ ಜಾಗದ ಎನ್ವಿರಾನ್‌ಮೆಂಟನ್ನೂ ಗಂಟು ಕಟ್ಟಿ ಇಡಬೇಕು. ಈ ಗಂಟಿಗೆ ಕ್ಲೋಶರ್ ಎಂದು ಹೆಸರು. ಗಂಟು ಕಟ್ಟದೆ ಹೋದರೆ ಏನಾಗುತ್ತದೆ ಎಂಬುದನ್ನು ಈ ನಾಲ್ಕು ಸಾಲುಗಳಲ್ಲಿ ನೋಡಿ (‘ಫಂ’ ಎಂದರೆ ಫಂಕ್ಷನ್):

    ಇರಲಿ ದರ = 10
    ಇರಲಿ ಬೆಲೆ = ಫಂ ತೂಕ -> ತೂಕ * ದರ
    ಇರಲಿ ದರ = 99
    ಬೆಲೆ 3

ಸರಿಯಾದ ಉತ್ತರ 30, ಏಕೆಂದರೆ ‘ಬೆಲೆ’ ಹುಟ್ಟಿದಾಗ ಕಂಡ ದರ 10. ನಿಮ್ಮ ಇವಾಲ್ಯುಯೇಟರ್ 297 ಎಂದು ಕೊಟ್ಟರೆ, ಅದು ಫಂಕ್ಷನ್ ಅನ್ನು ಕರೆದ ಜಾಗದಲ್ಲಿ ದರವನ್ನು ಹುಡುಕಿದೆ ಎಂದರ್ಥ. ಮೊದಲಿನ ಲಿಸ್ಪ್‌ನಲ್ಲಿ ಹೀಗೆಯೇ ಆಗುತ್ತಿತ್ತು; ಹುಟ್ಟಿದ ಜಾಗದಲ್ಲಿ ಹುಡುಕುವ ಕ್ರಮವನ್ನು 1975ರ ಸ್ಕೀಮ್ ಭಾಷೆ ಲಿಸ್ಪ್ ವಂಶದಲ್ಲಿ ನೆಲೆಗೊಳಿಸಿತು. ಈ ನಾಲ್ಕು ಸಾಲನ್ನು ನಿಮ್ಮ ಮೊದಲ ಪರೀಕ್ಷೆಯಾಗಿ ಇಟ್ಟುಕೊಳ್ಳಿ, ಇದು ತಪ್ಪಿದ ಮೇಲೆ ಮುಂದಿನ ಯಾವುದೂ ಸರಿಯಾಗುವುದಿಲ್ಲ.

ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್‌ಗೆ ಅದರ ಹೆಸರೇ ಅದರ ಗಂಟಿನೊಳಗೆ ಸಿಗಬೇಕು. ಅದಕ್ಕಾಗಿ ‘ಇರಲಿ ಮರಳಿ’ ಎಂಬ ಬೇರೆ ರೂಪ ಇಟ್ಟರೆ ಒಳ್ಳೆಯದು.

ಈಗ ಪೈಥಾನ್ ಬಳಸುವವರಿಗೆ ಹೇಳಿದ್ದ ಎಚ್ಚರಿಕೆ. ತೂಬಿನಂಥ ಶುದ್ಧ ಫಂಕ್ಷನಲ್ ಭಾಷೆಯಲ್ಲಿ ಲೂಪ್ ಇಲ್ಲದೆ ಎಲ್ಲವೂ ರಿಕರ್ಷನ್‌ನಿಂದಲೇ ನಡೆಯುತ್ತದೆ, ಆದರೆ ಪೈಥಾನ್ ರಿಕರ್ಷನ್‌ನ ಆಳಕ್ಕೆ ಸಾಮಾನ್ಯವಾಗಿ 1000ದ ಮಿತಿ ಹಾಕಿರುತ್ತದೆ. ತೂಬಿನ ಒಂದು ಕರೆಗೆ ಒಳಗೆ ಪೈಥಾನ್‌ನ ಹಲವು ಕರೆಗಳು ಖರ್ಚಾಗುವುದರಿಂದ, ಕೆಲವು ನೂರು ಚೀಲಗಳ ಪಟ್ಟಿಯನ್ನು ಕೂಡಿಸುವಷ್ಟರಲ್ಲೇ ಪ್ರೋಗ್ರಾಂ ಕುಸಿಯುತ್ತದೆ. ಫಂಕ್ಷನ್‌ನ ಕೊನೆಯ ಕೆಲಸವೇ ಇನ್ನೊಂದು ಕರೆಯಾಗಿದ್ದರೆ ಅದನ್ನು ಟೇಲ್ ಕಾಲ್ ಎನ್ನುತ್ತಾರೆ, ಹಾಗಿದ್ದಾಗ ಹೊಸ ಕರೆ ಮಾಡದೆ ಇವಾಲ್ಯುಯೇಟರ್‌ನ ಒಳಗಿನ ಲೂಪಿನಲ್ಲಿಯೇ ಮುಂದುವರಿಯುವಂತೆ ಬರೆಯಿರಿ. ಟೇಲ್ ಕಾಲ್‌ಗೆ ಜಾಗ ಖರ್ಚಾಗಬಾರದೆಂಬುದನ್ನು ಸ್ಕೀಮ್ ನಿಯಮವನ್ನಾಗಿಯೇ ಮಾಡಿದೆ, ನೀವೂ ಮಾಡಿ.

5. ಟೈಪ್ ವ್ಯವಸ್ಥೆಯನ್ನು ಕೂಡಿಸಿ

ಟೈಪ್ ಎಂದರೆ ಮೌಲ್ಯ ಯಾವ ಜಾತಿಯದು ಎಂಬ ಗುರುತು. ಪ್ರೋಗ್ರಾಂ ಓಡುವ ಮೊದಲೇ ಆ ಗುರುತುಗಳು ಹೊಂದುತ್ತವೆಯೇ ಎಂದು ನೋಡುವುದು ಟೈಪ್ ಪರೀಕ್ಷೆ. ಇದರಿಂದಾಗುವ ಲಾಭವನ್ನು ಲೆಕ್ಕದ ಪಟ್ಟಿಯಲ್ಲೇ ಕಾಣಬಹುದು. ಭತ್ತದ ಚೀಲ 75 ಕೆಜಿಯದು, ದರ ಕ್ವಿಂಟಲ್‌ಗೆ 2000 ರೂಪಾಯಿ ಎಂದಿಟ್ಟುಕೊಳ್ಳೋಣ. 40 ಚೀಲ ಎಂದರೆ 30 ಕ್ವಿಂಟಲ್, ಮೊತ್ತ 60,000 ರೂಪಾಯಿ. ಚೀಲದ ಎಣಿಕೆಯನ್ನೇ ದರದಿಂದ ಗುಣಿಸಿಬಿಟ್ಟರೆ 80,000 ಆಗುತ್ತದೆ. ಎರಡನ್ನೂ ಬರಿಯ ಸಂಖ್ಯೆ ಎಂದು ಇಟ್ಟ ಭಾಷೆ ಈ ತಪ್ಪನ್ನು ಸುಮ್ಮನೆ ಲೆಕ್ಕ ಹಾಕಿಕೊಡುತ್ತದೆ. ಚೀಲ, ಕ್ವಿಂಟಲ್ ಎರಡೂ ಬೇರೆ ಬೇರೆ ಟೈಪುಗಳಾಗಿರುವ ಭಾಷೆ ಅಲ್ಲಿಯೇ ತಡೆಯುತ್ತದೆ.

ಹಾಗೆಂದು ಪ್ರತಿ ಹೆಸರಿನ ಪಕ್ಕದಲ್ಲೂ ಟೈಪ್ ಬರೆಸಿದರೆ ಬರೆಯುವವರು ಬೇಸರಗೊಳ್ಳುತ್ತಾರೆ. ಬರೆಯದಿದ್ದರೂ ಟೈಪನ್ನು ತಾನೇ ಊಹಿಸುವ ಕ್ರಮವೊಂದಿದೆ. ಇದನ್ನು ರೋಜರ್ ಹಿಂಡ್ಲಿ 1969ರಲ್ಲಿ, ಅವರಿಂದ ಪ್ರತ್ಯೇಕವಾಗಿ ಮಿಲ್ನರ್ 1978ರಲ್ಲಿ ಪ್ರಕಟಿಸಿದ್ದರಿಂದ ಹಿಂಡ್ಲಿ–ಮಿಲ್ನರ್ ಎಂದು ಕರೆಯುತ್ತಾರೆ. ಹೆದರಬೇಕಾದ್ದೇನಿಲ್ಲ, ಒಂದು ಉದಾಹರಣೆಯನ್ನು ಕೈಯಿಂದ ಬಿಡಿಸಿದರೆ ಅರ್ಧ ತಿಳಿದಂತೆ:

    ಇರಲಿ ಎರಡುಸಲ = ಫಂ ಫ -> ಫಂ ಕ್ಷ -> ಫ (ಫ ಕ್ಷ)

ಫ ಎಂಬುದರ ಟೈಪ್ ಗೊತ್ತಿಲ್ಲ, ಅದಕ್ಕೆ ಅ ಎನ್ನೋಣ. ಕ್ಷ ಎಂಬುದರ ಟೈಪೂ ಗೊತ್ತಿಲ್ಲ, ಅದಕ್ಕೆ ಆ ಎನ್ನೋಣ. ಒಳಗಿನ ‘ಫ ಕ್ಷ’ ನೋಡಿದಾಗ, ಫ ಒಂದು ಫಂಕ್ಷನ್ ಆಗಿರಲೇಬೇಕೆಂದು ತಿಳಿಯುತ್ತದೆ: ಅದು ‘ಆ’ ಟೈಪಿನ ಅಂಶವನ್ನು ಪಡೆದು ಯಾವುದನ್ನೋ ಕೊಡುತ್ತದೆ, ಅದಕ್ಕೆ ಇ ಎನ್ನೋಣ. ಆದ್ದರಿಂದ ಅ = ಆ -> ಇ. ಹೊರಗಿನ ಪ್ರಯೋಗದಲ್ಲಿ ಅದೇ ಫ ಈಗ ಇ ಟೈಪಿನ ಅಂಶವನ್ನು ಪಡೆಯುತ್ತಿದೆ, ಆದರೆ ಅದು ಪಡೆಯಬೇಕಾದ್ದು ‘ಆ’ ಟೈಪಿನದು. ಹಾಗಾದರೆ ಆ = ಇ. ಎಲ್ಲವನ್ನೂ ಜಾಗಕ್ಕೆ ಹಾಕಿದರೆ ಇಡೀ ಫಂಕ್ಷನ್‌ನ ಟೈಪ್ (ಆ -> ಆ) -> ಆ -> ಆ. ‘ಆ’ ಎಂಬ ಟೈಪ್ ಯಾವುದಾದರೂ ಆಗಬಹುದು, ಹೀಗಾಗಿ ‘ಎರಡುಸಲ’ ಸಂಖ್ಯೆಗೂ ಒದಗುತ್ತದೆ, ಪಠ್ಯಕ್ಕೂ ಒದಗುತ್ತದೆ. ಈ ಸಮೀಕರಣಗಳನ್ನು ಬಿಡಿಸುವ ಕೆಲಸಕ್ಕೆ ಯೂನಿಫಿಕೇಶನ್ ಎನ್ನುತ್ತಾರೆ. ಒಮ್ಮೆ ಅರ್ಥವಾದರೆ ಇನ್ನೂರು ಸಾಲಿನೊಳಗೆ ಬರೆಯಬಹುದು.

ಇಲ್ಲಿ ಜನ ಎಡವುವುದು ಮೂರು ಕಡೆ. ಒಂದು, ‘ಫಂ ಕ್ಷ -> ಕ್ಷ ಕ್ಷ’ ಎಂಬಂಥದ್ದು ಬಂದಾಗ ಅ = ಅ -> ಆ ಎಂಬ ಸಮೀಕರಣ ಹುಟ್ಟುತ್ತದೆ; ಅ ತನ್ನೊಳಗೇ ಇರುವುದರಿಂದ ಬಿಡಿಸುತ್ತ ಹೋದರೆ ಕೊನೆಯೇ ಇಲ್ಲ. ಸಮೀಕರಣ ಒಪ್ಪುವ ಮೊದಲು ಒಂದು ಹೆಸರು ತನ್ನದೇ ಬಲಭಾಗದಲ್ಲಿ ಅಡಗಿದೆಯೇ ಎಂದು ನೋಡುವುದನ್ನು ಮರೆತರೆ ನಿಮ್ಮ ಟೈಪ್ ಪರೀಕ್ಷಕ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು, ‘ಯಾವುದಾದರೂ ಆಗಬಹುದು’ ಎಂಬ ಸಾಮಾನ್ಯೀಕರಣ ನಡೆಯಬೇಕಾದ್ದು ‘ಇರಲಿ’ ಹೆಸರಿಟ್ಟಲ್ಲಿ ಮಾತ್ರ. ಫಂಕ್ಷನ್ ಪಡೆದ ಅಂಶಕ್ಕೆ ಹಾಗೆ ಮಾಡಬಾರದು. ಮೂರು, ಬದಲಾಗುವ ಡಬ್ಬಿಯನ್ನು ಭಾಷೆಗೆ ಸೇರಿಸಿದಿರೋ, ಯಾವ ಟೈಪಿನದಾದರೂ ಆಗಬಹುದಾದ ಖಾಲಿ ಡಬ್ಬಿಗೆ ಸಂಖ್ಯೆ ಹಾಕಿ ಪಠ್ಯವೆಂದು ಹೊರತೆಗೆಯುವ ದಾರಿ ತೆರೆದುಕೊಳ್ಳುತ್ತದೆ. ಎಂಎಲ್ ಇದಕ್ಕಾಗಿ ಬಹಳ ಕಾಲ ತಿಣುಕಾಡಿ, 1995ರಲ್ಲಿ ಆಂಡ್ರ್ಯೂ ರೈಟ್ ಸೂಚಿಸಿದ ಸರಳ ನಿರ್ಬಂಧವನ್ನು ಒಪ್ಪಿಕೊಂಡಿತು. ತೂಬಿನಲ್ಲಿ ಬದಲಾಗುವ ಡಬ್ಬಿಯೇ ಇಲ್ಲ, ಆದ್ದರಿಂದ ಈ ತೊಡಕೂ ಇಲ್ಲ.

ರಚಕಗಳ ಟೈಪನ್ನು ಹೀಗೆ ಹೇಳೋಣ:

    ಬಗೆ ಪಾವತಿ = ನಗದು | ಚೆಕ್ಕು ಸಂಖ್ಯೆ | ಬಾಕಿ ಸಂಖ್ಯೆ

‘ಯಾವುದು’ ಬಳಸಿ ಪಾವತಿಯನ್ನು ಬಿಡಿಸಿದವರು ಬಾಕಿಯ ಸಾಲನ್ನು ಮರೆತರೆ ಭಾಷೆಯೇ ಎಚ್ಚರಿಸಬೇಕು. ಈ ಒಂದು ಪರೀಕ್ಷೆ ಉಳಿದ ಹತ್ತು ಸೌಲಭ್ಯಗಳಿಗಿಂತ ಹೆಚ್ಚು ತಪ್ಪುಗಳನ್ನು ತಡೆಯುತ್ತದೆ ಎಂಬುದು ನನ್ನ ಅನುಭವ.

6. ಈಗ ಬರೆಯುವ ರೂಪಕ್ಕೆ ಬನ್ನಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: ಚೀಲ ಎಣಿಸಿ, ತೂಕ ಮಾಡಿ, ಕಡಿತ ಕಳೆದು, ಪಟ್ಟಿ ಬರೆ. ಫಂಕ್ಷನ್‌ನ ಹೆಸರು ಮೊದಲು, ಅಂಶ ಆಮೇಲೆ ಎಂಬ ರೂಢಿಯ ಬರಹದಲ್ಲಿ ಇದೇ ಮಾತು ಒಳಗಿನಿಂದ ಹೊರಕ್ಕೆ, ತಿರುಗುಮುರುಗಾಗಿ ಬರುತ್ತದೆ. ಎಫ್ ಶಾರ್ಪ್, ಎಲ್ಮ್, ಎಲಿಕ್ಸಿರ್ ಮೊದಲಾದ ಭಾಷೆಗಳಲ್ಲಿರುವ ಕೊಳವೆ ಚಿಹ್ನೆ, ಎಡಗಡೆಯ ಮೌಲ್ಯವನ್ನು ಬಲಗಡೆಯ ಫಂಕ್ಷನ್‌ಗೆ ಕೊಡುತ್ತದೆ:

    ಚೀಲಗಳು |> ತೂಗು |> ಬೆಲೆಕಟ್ಟು 2000 |> ಕಡಿತಕಳೆ |> ಪಟ್ಟಿಮಾಡು

ಕೀವರ್ಡ್ ಮಾತ್ರ ಕನ್ನಡಕ್ಕೆ ತಿರುಗಿಸಿದ ಭಾಷೆಗಿಂತ, ವಾಕ್ಯದ ಹರಿವೇ ಕನ್ನಡದ್ದಾದ ಭಾಷೆ ನಮ್ಮ ಓದುಗರಿಗೆ ಹತ್ತಿರ. ಆದರೆ ಇಲ್ಲೊಂದು ತೀರ್ಮಾನವನ್ನು ಒಮ್ಮೆ ಮಾಡಿ ಎಂದಿಗೂ ಬದಲಿಸದೆ ಇರಬೇಕು. ಕರಿಯಿಂಗ್ ಇರುವ ಭಾಷೆಯಲ್ಲಿ ಕೊಳವೆಯಿಂದ ಬಂದ ಮೌಲ್ಯ ಫಂಕ್ಷನ್‌ನ ಕೊನೆಯ ಅಂಶವಾಗುತ್ತದೆ, ಹೀಗಾಗಿ ಲೈಬ್ರರಿಯ ಪ್ರತಿ ಫಂಕ್ಷನ್‌ನಲ್ಲಿಯೂ ಮುಖ್ಯ ದತ್ತಾಂಶ ಕೊನೆಗೇ ಇರಬೇಕು. ಎಲ್ಮ್ ಹೀಗೆ ಮಾಡಿದೆ. ಕರಿಯಿಂಗ್ ಇಲ್ಲದ ಎಲಿಕ್ಸಿರ್ ಮೊದಲ ಜಾಗದಲ್ಲಿ ಇಟ್ಟಿದೆ. ಕೆಲವದರಲ್ಲಿ ಮೊದಲು, ಕೆಲವದರಲ್ಲಿ ಕೊನೆಗೆ ಇಟ್ಟ ಲೈಬ್ರರಿಯನ್ನು ಆಮೇಲೆ ಸರಿಪಡಿಸಲು ಹೋದರೆ ಬರೆದ ಎಲ್ಲ ಪ್ರೋಗ್ರಾಂಗಳೂ ಮುರಿಯುತ್ತವೆ.

ಷರತ್ತಿನಲ್ಲೂ ಇದೇ ಮಾತು. ಕನ್ನಡದಲ್ಲಿ ಷರತ್ತು ಮೊದಲು ಬಂದು ‘ಆದರೆ’ ಅದರ ಬೆನ್ನಿಗೆ ಬರುತ್ತದೆ:

    ತೇವ > 17 ಆದರೆ ಒಣಗಿಸು ರಾಶಿ ಇಲ್ಲವಾದರೆ ತೂಗು ರಾಶಿ

ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಇರುವ ಮಿತಿ ಶೇ. 17 ಎಂಬುದನ್ನು ಬಲ್ಲ ಯಾರಾದರೂ ಈ ಸಾಲನ್ನು ಓದಬಲ್ಲರು. ಆದರೆ ಪಾರ್ಸರ್‌ಗೆ, ಅಂದರೆ ಸಾಲನ್ನು ಓದಿ ಮರ ಕಟ್ಟುವ ಭಾಗಕ್ಕೆ, ಸಾಲಿನ ಆರಂಭದಲ್ಲಿ ಇದು ಷರತ್ತೆಂಬ ಸುಳಿವೇ ಸಿಗುವುದಿಲ್ಲ. ಕೀವರ್ಡ್ ನೋಡಿ ದಾರಿ ಹಿಡಿಯುವ ಸಾಮಾನ್ಯ ಪಾರ್ಸರ್ ಇಲ್ಲಿ ತಡವರಿಸುತ್ತದೆ. ಪರಿಹಾರ ಸುಲಭ: ‘ಆದರೆ’ಯನ್ನು ಕೂಡು, ಕಳೆ ಚಿಹ್ನೆಗಳಂತೆ ನಡುವೆ ಬರುವ ಚಿಹ್ನೆಯೆಂದು ತಿಳಿದು, ಅದಕ್ಕೆ ಎಲ್ಲಕ್ಕಿಂತ ಕಡಿಮೆ ಆದ್ಯತೆ ಕೊಟ್ಟು, ಬಲಕ್ಕೆ ಅಂಟುವಂತೆ ಮಾಡಿ. ಆಗ ‘ಇಲ್ಲವಾದರೆ’ಯ ನಂತರ ಇನ್ನೊಂದು ಷರತ್ತು ಬಂದರೂ ಸರಪಳಿ ಸರಿಯಾಗಿ ಕೂಡುತ್ತದೆ. ವಾನ್ ಪ್ರಾಟ್ 1973ರಲ್ಲಿ ಮಂಡಿಸಿದ ಆದ್ಯತೆಯ ಪಾರ್ಸಿಂಗ್ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ.

7. ಕನ್ನಡದ ಹೆಸರುಗಳನ್ನು ಒಪ್ಪುವಾಗ

ಈ ಹಂತವನ್ನು ಇಂಗ್ಲಿಷ್ ಪಠ್ಯಪುಸ್ತಕಗಳು ಹೇಳಿಕೊಡುವುದಿಲ್ಲ, ಆದ್ದರಿಂದ ನಿಧಾನವಾಗಿ ಓದಿ.

ಕೊಪ್ಪಳ ಎಂಬ ಪದವನ್ನು ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಕ, ಒತ್ವದ ಚಿಹ್ನೆ, ಪ, ಹಲಂತ, ಪ, ಳ ಎಂದು ಆರು ಸಂಕೇತ. ಆ ಸಂಕೇತಗಳನ್ನು ಬೈಟ್ ರೂಪದಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಆದ್ದರಿಂದ 18 ಬೈಟ್. ಅಷ್ಟೇ ಅಲ್ಲ, ಒತ್ವದ ಚಿಹ್ನೆಯನ್ನು ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು; ಆಗ ಅದೇ ಕೊಪ್ಪಳ ಏಳು ಸಂಕೇತ, 21 ಬೈಟ್ ಆಗುತ್ತದೆ, ಪರದೆಯ ಮೇಲೆ ಮಾತ್ರ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಒಬ್ಬರು ಒಂದು ರೀತಿಯಲ್ಲಿ ಹೆಸರಿಟ್ಟು ಇನ್ನೊಬ್ಬರು ಇನ್ನೊಂದು ರೀತಿಯಲ್ಲಿ ಕರೆದರೆ, ಕಣ್ಣೆದುರಿಗೇ ಇರುವ ಹೆಸರನ್ನು ನಿಮ್ಮ ಭಾಷೆ ಸಿಗಲಿಲ್ಲ ಎನ್ನುತ್ತದೆ. ಆದ್ದರಿಂದ ಓದಿದ ತಕ್ಷಣ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ಎಲ್ಲ ಪಠ್ಯವನ್ನೂ ತನ್ನಿ. ಯಾವ ಸಂಕೇತಗಳು ಹೆಸರಿನಲ್ಲಿ ಬರಬಹುದೆಂಬುದಕ್ಕೆ ಯೂನಿಕೋಡ್‌ನ 31ನೇ ಅನುಬಂಧದ ನಿಯಮ ಇದೆ, ಅದನ್ನೇ ಪಾಲಿಸಿ. ಪಠ್ಯಕ್ಕೆ ‘ಉದ್ದ’ ಎಂಬ ಬರಿಯ ಫಂಕ್ಷನ್ ಕೊಡಬೇಡಿ. ಬೈಟ್ ಎಣಿಕೆ, ಸಂಕೇತ ಎಣಿಕೆ, ಅಕ್ಷರ ಎಣಿಕೆ ಎಂದು ಬೇರೆ ಬೇರೆಯಾಗಿ ಕೊಡಿ.

ಇನ್ನೊಂದು ಗುಂಡಿ ಇದಕ್ಕಿಂತ ಆಳ. ಸಂಖ್ಯೆ ಎಂದು ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿ ಸ೦ಖ್ಯೆ ಎಂದು ಬರೆಯುವ ಅಭ್ಯಾಸ ಅನೇಕರಲ್ಲಿದೆ. ಅಂಕಿಗಳು ಹೆಸರಿನ ನಡುವೆ ಬರಬಹುದಾದ್ದರಿಂದ ನಿಯಮದ ಪ್ರಕಾರ ಇದೂ ಸರಿಯಾದ ಹೆಸರೇ, ಆದರೆ ಬೇರೆಯ ಹೆಸರು. ಕನ್ನಡದ ಅಂಕಿಯ ಹಿಂದೆಯೂ ಮುಂದೆಯೂ ಅಕ್ಷರವಿದ್ದರೆ ಎಚ್ಚರಿಕೆ ಕೊಡುವ ಒಂದು ಸಾಲನ್ನು ಲೆಕ್ಸರ್‌ನಲ್ಲಿ ಬರೆಯಿರಿ. ಸಂಖ್ಯೆಗಳಲ್ಲಿ 75 ಮತ್ತು ೭೫ ಎರಡನ್ನೂ ಒಪ್ಪಿ, ಆದರೆ ಒಂದೇ ಸಂಖ್ಯೆಯೊಳಗೆ ಎರಡನ್ನೂ ಬೆರೆಸಲು ಬಿಡಬೇಡಿ.

‘ಕ್ವಿಂಟಲ್‌ಗೆ’ ಎಂಬಂಥ ಪದದಲ್ಲಿ ಒತ್ತಕ್ಷರ ಕೂಡದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತದೆ. ಕೆಲವರ ಕೀಲಿಮಣೆ ಅದನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಅಂಥ ಸಂಕೇತವನ್ನು ಹಲಂತದ ಪಕ್ಕದಲ್ಲಿ ಮಾತ್ರ ಒಪ್ಪಿ, ಹೆಸರುಗಳನ್ನು ಹೋಲಿಸುವಾಗ ಬಿಟ್ಟು ನೋಡಿ. ಓದುವವರಿಗೆ ಅದು ಒಂದೇ ಪದದ ಎರಡು ಬರಹ ಮಾತ್ರ. ಬಳ್ಳಾರಿ, ರಾಯಚೂರಿನ ಗಡಿಯಲ್ಲಿ ಕನ್ನಡ ತೆಲುಗು ಎರಡೂ ಕೀಲಿಮಣೆಗಳು ಒಂದೇ ಫೋನಿನಲ್ಲಿರುವುದು ಸಾಮಾನ್ಯ, ಎರಡೂ ಲಿಪಿಗಳ ಹಲವು ಅಕ್ಷರಗಳು ನೋಡಲು ಒಂದೇ, ಸಂಕೇತ ಮಾತ್ರ ಬೇರೆ. ಎರಡು ಲಿಪಿ ಬೆರೆತ ಹೆಸರನ್ನು ನೇರವಾಗಿ ತಿರಸ್ಕರಿಸಿ, ಯಾವ ಅಕ್ಷರ ಹೊರಗಿನದೆಂದು ತೋರಿಸಿ.

8. ತಪ್ಪಿನ ಸಂದೇಶಗಳನ್ನು ಬರೆಯಿರಿ

ಸಂದೇಶದಲ್ಲಿ ಮೂರು ಸಂಗತಿ ಇರಬೇಕು: ತಪ್ಪಿರುವ ಸಾಲು, ಅಲ್ಲಿ ಏನು ಸಿಕ್ಕಿತು, ಏನು ಬೇಕಿತ್ತು. ಮರದ ಪ್ರತಿ ತುಂಡಿನಲ್ಲೂ ಸಾಲಿನ ಸಂಖ್ಯೆಯನ್ನು ಮೊದಲ ದಿನದಿಂದಲೇ ಇಟ್ಟುಕೊಂಡಿದ್ದರೆ ಮಾತ್ರ ಇದು ಸಾಧ್ಯ, ಆಮೇಲೆ ಸೇರಿಸುವುದು ಬಹಳ ನೋವಿನ ಕೆಲಸ.

ಕನ್ನಡದ ಸಂದೇಶಕ್ಕೆ ಅದರದ್ದೇ ತೊಡಕಿದೆ. ಹೆಸರಿಗೆ ವಿಭಕ್ತಿ ಹಚ್ಚಬೇಕೆಂದರೆ ಚೀಲ ಎಂಬುದು ಚೀಲವನ್ನು ಆಗುತ್ತದೆ, ಮೂಟೆ ಎಂಬುದು ಮೂಟೆಯನ್ನು ಆಗುತ್ತದೆ. ಹೆಸರಿನ ಕೊನೆಯ ಸ್ವರ ನೋಡಿ ರೂಪ ಬದಲಿಸುವ ಪ್ರೋಗ್ರಾಂ ಬರೆಯಲು ಹೋದರೆ ಮುಗಿಯುವುದೇ ಇಲ್ಲ. ‘ಎಂಬ’ ಇದನ್ನು ಬಿಡಿಸುತ್ತದೆ. "ಚೀಲ ಎಂಬ ಹೆಸರಿನ ಟೈಪ್ ಎಣಿಕೆ. ಇಲ್ಲಿ ಬೇಕಾದ ಟೈಪ್ ಕ್ವಿಂಟಲ್. ಸಾಲು 12." ಯಾವ ಹೆಸರು ಹಾಕಿದರೂ ವಾಕ್ಯ ಕೆಡುವುದಿಲ್ಲ.

9. ವೇಗ, ಲೈಬ್ರರಿ, ಮೊದಲ ಬಳಕೆದಾರ

ವೇಗದ ಚಿಂತೆಯನ್ನು ಈಗ ಬಿಡಿ. ಕಸದ ಮೆಮೊರಿಯನ್ನು ಗುಡಿಸುವ ಕೆಲಸವನ್ನು ಆತಿಥೇಯ ಭಾಷೆಯ ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ. ಮುಂದೆ ಬೇಕೆನಿಸಿದರೆ ಮರವನ್ನು ಬೈಟ್‌ಕೋಡ್‌ಗೋ ಜಾವಾಸ್ಕ್ರಿಪ್ಟ್‌ಗೋ ಇಳಿಸಬಹುದು; ಅರ್ಥ ಗಟ್ಟಿಯಾಗಿದ್ದರೆ ಅದು ಯಾಂತ್ರಿಕ ಕೆಲಸ. ಲೈಬ್ರರಿಯಲ್ಲಿ ಪಟ್ಟಿಯ ಮೇಲೆ ಓಡುವ ಏಳೆಂಟು ಫಂಕ್ಷನ್, ಪಠ್ಯ ಜೋಡಿಸುವ ಮೂರ್ನಾಲ್ಕು, ಇಷ್ಟು ಮೊದಲ ಆವೃತ್ತಿಗೆ ಸಾಕು.

ಮೊದಲ ಹಂತದಲ್ಲಿ ಕಾಗದದ ಮೇಲೆ ಬರೆದ ಹತ್ತು ಪ್ರೋಗ್ರಾಂಗಳನ್ನು ಈಗ ಹೊರತೆಗೆದು ಒಂದೊಂದಾಗಿ ಓಡಿಸಿ. ಕಾಗದದ ರೂಪಕ್ಕೂ ಭಾಷೆಯ ರೂಪಕ್ಕೂ ಎಲ್ಲಿ ವ್ಯತ್ಯಾಸ ಬಂದಿದೆಯೋ ಅಲ್ಲಿ, ಕಾಗದ ಸರಿಯೋ ಭಾಷೆ ಸರಿಯೋ ಎಂದು ಕೇಳಿಕೊಂಡು ಕಾರಣವನ್ನು ಬರೆದಿಡಿ. ಆಮೇಲೆ ಲೆಕ್ಕ ಬರೆಯುವ ಕೆಲಸದಲ್ಲಿರುವ, ಪ್ರೋಗ್ರಾಂ ಬರೆದು ಅಭ್ಯಾಸವಿಲ್ಲದ ಒಬ್ಬರ ಮುಂದೆ ಭಾಷೆಯನ್ನಿಟ್ಟು, ನಲವತ್ತು ಚೀಲದ ಪಟ್ಟಿ ಮಾಡಲು ಹೇಳಿ. ನೀವು ಪಕ್ಕದಲ್ಲಿ ಕುಳಿತು ಏನನ್ನೂ ಹೇಳಿಕೊಡದೆ, ಅವರ ಕೈ ಎಲ್ಲೆಲ್ಲಿ ನಿಂತಿತು ಎಂಬುದನ್ನು ಮಾತ್ರ ಗುರುತು ಮಾಡಿಕೊಳ್ಳಿ. ಎರಡನೆಯ ಆವೃತ್ತಿಯ ಕೆಲಸಗಳ ಪಟ್ಟಿ ಅದೇ.